ನೆಟ್ ಇದೆ, ಸೈಟ್ ತೆರೆಯುತ್ತಿಲ್ಲ: ಡಿಎನ್‌ಎಸ್ ತೊಂದರೆಯ ಮೂಲ ಹಿಡಿಯುವುದು ಹೇಗೆ?

ಪ್ರಶ್ನೆ: ಮನೆಯಲ್ಲಿ ಫೈಬರ್ ಕನೆಕ್ಷನ್ ಇದೆ. ವಿಂಡೋಸ್ 11 ಇರುವ ಲ್ಯಾಪ್‌ಟಾಪ್ ಬಳಸುತ್ತೇನೆ. ದಿನಕ್ಕೆ ಒಂದೆರಡು ಸಲ ಇದ್ದಕ್ಕಿದ್ದಂತೆ ವೆಬ್‌ಸೈಟುಗಳು ತೆರೆಯುವುದು ನಿಂತುಹೋಗುತ್ತದೆ, ಆದರೆ ಆಗಲೇ ನಡೆಯುತ್ತಿರುವ ವಿಡಿಯೊ ಕಾಲ್ ಕಡಿಯುವುದಿಲ್ಲ. ಕ್ರೋಮ್‌ನಲ್ಲಿ ‘ಡಿಎನ್‌ಎಸ್ ಪ್ರೋಬ್ ಫಿನಿಶ್ಡ್ ಬ್ಯಾಡ್ ಕಾನ್ಫಿಗ್’ ಎಂದು ಬರುತ್ತದೆ. ಅದೇ ವೈಫೈಯಲ್ಲಿರುವ ಮೊಬೈಲಿನಲ್ಲಿ ಎಲ್ಲವೂ ತೆರೆಯುತ್ತದೆ. ರೂಟರ್ ಆಫ್ ಮಾಡಿ ಆನ್ ಮಾಡಿದರೆ ಕೆಲವು ಗಂಟೆ ಸರಿ ಇರುತ್ತದೆ. ಗೆಳೆಯರು ಹೇಳಿದರೆಂದು ಡಿಎನ್‌ಎಸ್‌ಗೆ ಗೂಗಲ್‌ನ 8.8.8.8 ಹಾಕಿದೆ, ಪುಟ ಒಮ್ಮೊಮ್ಮೆ ತಡವಾಗಿ ತೆರೆಯುತ್ತದೆ, ಒಮ್ಮೊಮ್ಮೆ ತೆರೆಯುವುದೇ ಇಲ್ಲ. ಲ್ಯಾಪ್‌ಟಾಪ್ ಫಾರ್ಮ್ಯಾಟ್ ಮಾಡಿಸಬೇಕೇ?

ಉತ್ತರ: ಫಾರ್ಮ್ಯಾಟ್ ಖಂಡಿತ ಬೇಡ. ನೀವು ಹೇಳಿದ ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಅನುಮಾನ ಬರುವುದು ರೂಟರಿನೊಳಗೆ ಕೂತಿರುವ ಡಿಎನ್‌ಎಸ್ ಫಾರ್ವರ್ಡರ್ ಮೇಲೆ. ಡಿಎನ್‌ಎಸ್ ಎಂದರೆ ಸೈಟಿನ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ; ಫಾರ್ವರ್ಡರ್ ಏನೆಂದು ಮುಂದೆ ಹೇಳುತ್ತೇನೆ. 8.8.8.8 ಹಾಕಿಯೂ ಹೆಚ್ಚು ಪ್ರಯೋಜನ ಕಾಣದಿರುವುದಕ್ಕೆ ಬಹುಮಟ್ಟಿಗೆ ಐಪಿವಿ6, ಅಂದರೆ ಹಳೆಯ ಐಪಿವಿ4ರ ಜೊತೆಗೇ ನಡೆಯುವ ಹೊಸ ವಿಳಾಸ ಪದ್ಧತಿ, ಕಾರಣ. ಆದರೂ ಅನುಮಾನದ ಮೇಲೆ ಒಂದರ ಹಿಂದೊಂದು ಸೆಟ್ಟಿಂಗ್ ಬದಲಿಸುತ್ತ ಹೋಗಬೇಡಿ. ತೊಂದರೆ ಕಾಣಿಸಿಕೊಂಡಿರುವ ಹೊತ್ತಿನಲ್ಲೇ, ರೂಟರಿನ ಸ್ವಿಚ್ ಮುಟ್ಟುವ ಮೊದಲೇ, ಕೆಳಗಿನ ಪರೀಕ್ಷೆಗಳನ್ನು ಮಾಡಿ. ಐದು ನಿಮಿಷದ ಕೆಲಸ. ರೂಟರ್ ಒಮ್ಮೆ ಆಫ್ ಆದರೆ ಕಾರಣ ತಿಳಿಸುವ ಕುರುಹು ಅದರ ಜೊತೆಗೇ ಅಳಿಸಿಹೋಗುತ್ತದೆ.

ಮೊದಲು, ಹೆಸರೊಂದು ವಿಳಾಸವಾಗುವ ದಾರಿ ತಿಳಿದಿರಲಿ. ನೀವು ವಿಕಿಪೀಡಿಯ.ಆರ್ಗ್ ಎಂದು ಟೈಪ್ ಮಾಡಿದಾಗ ಬ್ರೌಸರ್ ಮೊದಲು ತನ್ನದೇ ಕ್ಯಾಶ್ (ಹಿಂದೆ ಸಿಕ್ಕ ಉತ್ತರಗಳ ಸಂಗ್ರಹ) ನೋಡುತ್ತದೆ. ಅಲ್ಲಿಲ್ಲದಿದ್ದರೆ ವಿಂಡೋಸ್‌ನ ಕ್ಯಾಶ್, ಹೋಸ್ಟ್ಸ್ ಎಂಬ ಫೈಲ್. ಅಲ್ಲೂ ಸಿಗದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಬರೆದಿರುವ ಡಿಎನ್‌ಎಸ್ ಸರ್ವರಿಗೆ ಪ್ರಶ್ನೆ ಹೋಗುತ್ತದೆ. ನಮ್ಮ ಮನೆಗಳಲ್ಲಿ ಆ ಸರ್ವರ್ ಸಾಮಾನ್ಯವಾಗಿ ರೂಟರೇ. ರೂಟರಿಗೆ ಸ್ವತಃ ಉತ್ತರ ಗೊತ್ತಿರುವುದಿಲ್ಲ. ಅದು ಪ್ರಶ್ನೆಯನ್ನು ಇಂಟರ್‌ನೆಟ್ ಕಂಪನಿಯ ಸರ್ವರಿಗೆ ದಾಟಿಸಿ, ಬಂದ ಉತ್ತರವನ್ನು ನಿಮಗೆ ತಲುಪಿಸುತ್ತದೆ. ಈ ದಾಟಿಸುವ ಸಣ್ಣ ಪ್ರೋಗ್ರಾಮೇ ಫಾರ್ವರ್ಡರ್. ಕಂಪನಿಯ ಸರ್ವರ್ ಮಾತ್ರ ರೂಟ್ ಸರ್ವರ್‌ನಿಂದ ಆರಂಭಿಸಿ ಆರ್ಗ್‌ನ ಸರ್ವರ್, ಆಮೇಲೆ ವಿಕಿಪೀಡಿಯದ ಸ್ವಂತ ಸರ್ವರ್ ಎಂದು ಹಂತಹಂತವಾಗಿ ಕೇಳಿ ವಿಳಾಸ ತರುತ್ತದೆ. ಈ ಪ್ರಶ್ನೋತ್ತರ ನಡೆಯುವುದು ಹೆಚ್ಚಾಗಿ ಯುಡಿಪಿ ಎಂಬ ಸಂದೇಶ ಸಾಗಿಸುವ ವಿಧಾನದ 53ನೇ ಪೋರ್ಟಿನಲ್ಲಿ.

ವಿಡಿಯೊ ಕಾಲ್ ಕಡಿಯದಿರಲು ಕಾರಣವೂ ಇದೇ. ಕಾಲ್ ಶುರುವಾಗುವಾಗಲೇ ವಿಳಾಸ ಸಿಕ್ಕಿಬಿಟ್ಟಿರುತ್ತದೆ. ಆಮೇಲೆ ಹೆಸರು ಕೇಳುವ ಪ್ರಮೇಯ ಇಲ್ಲ. ಲೈನ್ ಗಟ್ಟಿಯಾಗಿದೆ, ಹೆಸರು ಹುಡುಕುವ ಕೆಲಸ ಮಾತ್ರ ಕೆಟ್ಟಿದೆ ಎನ್ನುವುದಕ್ಕೆ ಅದು ಒಳ್ಳೆಯ ಸಾಕ್ಷಿ.

ಕ್ರೋಮ್ ಕೊಡುವ ದೋಷದ ಸಾಲನ್ನು ಹೆಚ್ಚಿನವರು ಓದದೆ ಬಿಡುತ್ತಾರೆ. ಓದಬೇಕು, ಏಕೆಂದರೆ ಅದನ್ನು ತೋರಿಸುವ ಮೊದಲು ಕ್ರೋಮ್ ಒಂದು ಪರೀಕ್ಷೆ ಮಾಡಿರುತ್ತದೆ: ನಿಮ್ಮ ಸಿಸ್ಟಂನ ಡಿಎನ್‌ಎಸ್ ಸರ್ವರಿಗೂ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್‌ಗೂ ಗೊತ್ತಿರುವ ಒಂದು ಹೆಸರನ್ನು ಕೇಳಿ ನೋಡುತ್ತದೆ. ನಿಮ್ಮ ಸರ್ವರ್ ಸರಿಯಾಗಿ ಉತ್ತರಿಸಿದರೆ ತೊಂದರೆ ಆ ಒಂದು ಹೆಸರಿನದು ಎಂದು ತೀರ್ಮಾನಿಸಿ ‘ಎನ್‌ಎಕ್ಸ್‌ಡೊಮೈನ್’ ಎನ್ನುತ್ತದೆ. ನಿಮ್ಮದು ಸುಮ್ಮನಿದ್ದು ಗೂಗಲ್‌ನದು ಉತ್ತರಿಸಿದರೆ ‘ಬ್ಯಾಡ್ ಕಾನ್ಫಿಗ್’. ಎರಡೂ ಸಿಗದಿದ್ದರೆ ‘ನೋ ಇಂಟರ್‌ನೆಟ್’. ನಿಮಗೆ ಬಂದಿರುವುದು ನಡುವಿನದು. ಹೊರಗಿನ ದಾರಿ ತೆರೆದಿದೆ, ಲ್ಯಾಪ್‌ಟಾಪ್ ನಂಬಿಕೊಂಡಿರುವ ಸರ್ವರ್ ಮಾತ್ರ ಬಾಯಿ ಬಿಡುತ್ತಿಲ್ಲ.

ಈಗ ಪರೀಕ್ಷೆ. ಸ್ಟಾರ್ಟ್ ಮೆನುವಿನಲ್ಲಿ ಸಿಎಂಡಿ ಎಂದು ಟೈಪ್ ಮಾಡಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಲ್ಲಿ ಕಮಾಂಡುಗಳನ್ನು ಕನ್ನಡದಲ್ಲಿ ಬರೆದಿದ್ದೇನೆ. ನೀವು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಿ. ಐಪಿಕಾನ್ಫಿಗ್ ಎನ್ನುವಲ್ಲಿ ಕಾನ್ಫಿಗ್ ವರೆಗೆ ಒಂದೇ ಪದ, ಎನ್‌ಎಸ್‌ಲುಕಪ್ ಕೂಡ ಒಂದೇ ಪದ, ಓರೆಗೆರೆಗೆ ಮುಂಚೆ ಒಂದು ಜಾಗ ಬಿಡಬೇಕು.

ಪಿಂಗ್ 8.8.8.8

ಇದಕ್ಕೆ ಹೆಸರು ಹುಡುಕುವ ಅಗತ್ಯವಿಲ್ಲ. ಉತ್ತರ ಬಂದರೆ ಲೈನ್ ಸರಿ ಇದೆ. ಬಾರದಿದ್ದರೆ ತೊಂದರೆ ಡಿಎನ್‌ಎಸ್‌ನದಲ್ಲದಿರಬಹುದು. ಕೆಲವು ನೆಟ್‌ವರ್ಕುಗಳು ಪಿಂಗ್ ಅನ್ನೇ ತಡೆಯುತ್ತವೆ, ಹಾಗಾಗಿ ಪಿಂಗ್ ಸೋತ ಮಾತ್ರಕ್ಕೆ ಲೈನ್ ಸತ್ತಿದೆ ಎಂದು ತೀರ್ಮಾನಿಸಬೇಡಿ.

ಐಪಿಕಾನ್ಫಿಗ್ /ಆಲ್

ಬರುವ ಉದ್ದನೆಯ ಪಟ್ಟಿಯಲ್ಲಿ ವೈಫೈ ಅಡಾಪ್ಟರಿನ ಭಾಗ ಹುಡುಕಿ. ಅಲ್ಲಿ ಮೂರು ಸಾಲು ಮುಖ್ಯ. ಐಪಿವಿ4 ವಿಳಾಸ 169.254 ಎಂದು ಶುರುವಾಗಿದ್ದರೆ ರೂಟರಿನಿಂದ ವಿಳಾಸವೇ ಸಿಕ್ಕಿಲ್ಲ. ಮೊದಲು ವೈಫೈ ಕನೆಕ್ಷನ್ ಸರಿಪಡಿಸಬೇಕು. ಡಿಫಾಲ್ಟ್ ಗೇಟ್‌ವೇ ಎನ್ನುವುದು ರೂಟರಿನ ವಿಳಾಸ, 192.168.1.1 ಅಥವಾ ಅಂಥದ್ದು. ಮೂರನೆಯದು ಡಿಎನ್‌ಎಸ್ ಸರ್ವರ್ಸ್. ಇಲ್ಲಿ ಕಣ್ಣಿಟ್ಟು ನೋಡಿ. ನೀವು ಹಾಕಿದ 8.8.8.8ರ ಮೇಲೆ ಎಫ್‌ಇ80 ಎಂದು ಶುರುವಾಗುವ ಉದ್ದನೆಯ ವಿಳಾಸವೊಂದು ಕಂಡರೆ ಅರ್ಧ ಒಗಟು ಬಿಡಿಸಿದಂತೆ. ಅದು ರೂಟರಿನದೇ ಐಪಿವಿ6 ವಿಳಾಸ. ನೀವು ಬದಲಿಸಿದ್ದು ಐಪಿವಿ4 ಪಟ್ಟಿಯನ್ನು ಮಾತ್ರ. ವಿಂಡೋಸ್ ಮೊದಲು ಕೇಳುತ್ತಿರುವುದು ಐಪಿವಿ6 ಕಡೆಯ ಆ ಹಳೆಯ ಫಾರ್ವರ್ಡರನ್ನೇ. ಅದು ಉತ್ತರಿಸದೆ ಸುಮ್ಮನಾದ ಮೇಲಷ್ಟೇ 8.8.8.8ರ ಸರದಿ. ಪುಟ ತಡವಾಗಿ ತೆರೆಯುವುದು ಇದರಿಂದಲೇ. ಒಂದು ಪುಟದಲ್ಲಿ ಹತ್ತಿಪ್ಪತ್ತು ಬೇರೆ ಬೇರೆ ಹೆಸರುಗಳು ಇರುತ್ತವೆ, ಪ್ರತಿಯೊಂದಕ್ಕೂ ಈ ಕಾಯುವಿಕೆ ಸೇರಿದರೆ ಬ್ರೌಸರ್ ಕೈಚೆಲ್ಲುವುದೂ ಉಂಟು.

ಜೊತೆಗೆ ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಎರಡನೇ ಡಿಎನ್‌ಎಸ್ ಸರ್ವರ್ ಹಾಕಿದರೆ ಮೊದಲನೆಯದು ತಪ್ಪು ಹೇಳಿದಾಗ ಎರಡನೆಯದು ಕಾಪಾಡುತ್ತದೆ ಎಂದು ಜನ ತಿಳಿದಿದ್ದಾರೆ. ಹಾಗಲ್ಲ. ಮೊದಲನೆಯದು ಉತ್ತರವನ್ನೇ ಕೊಡದಿದ್ದಾಗ ಎರಡನೆಯದನ್ನು ಕೇಳಲಾಗುತ್ತದೆ. ‘ಆ ಹೆಸರೇ ಇಲ್ಲ’ ಎಂದು ಮೊದಲನೆಯದು ಹೇಳಿದರೆ ಅದೂ ಒಂದು ಉತ್ತರವೇ. ಮಾತು ಅಲ್ಲಿಗೆ ಮುಗಿಯಿತು.

ಮುಂದಿನದು ನಿಜವಾದ ತೀರ್ಪು ಕೊಡುವ ಪರೀಕ್ಷೆ. ಒಂದೇ ಹೆಸರನ್ನು ಬೇರೆ ಬೇರೆ ಸರ್ವರಿಗೆ ಕೇಳಿ:

ಎನ್‌ಎಸ್‌ಲುಕಪ್ ವಿಕಿಪೀಡಿಯ.ಆರ್ಗ್.
ಎನ್‌ಎಸ್‌ಲುಕಪ್ ವಿಕಿಪೀಡಿಯ.ಆರ್ಗ್. 192.168.1.1
ಎನ್‌ಎಸ್‌ಲುಕಪ್ ವಿಕಿಪೀಡಿಯ.ಆರ್ಗ್. 8.8.8.8

ಎರಡನೆಯದರಲ್ಲಿ ನಿಮ್ಮ ಗೇಟ್‌ವೇ ವಿಳಾಸ ಹಾಕಿ. ಹೆಸರಿನ ಕೊನೆಯ ಚುಕ್ಕೆ ಮರೆಯಬೇಡಿ. ಅದಿಲ್ಲದಿದ್ದರೆ ವಿಂಡೋಸ್ ರೂಟರ್ ಕೊಟ್ಟ ಬಾಲವನ್ನು ಹೆಸರಿಗೆ ಅಂಟಿಸಿ ಕೇಳುವುದುಂಟು, ಆಗ ಉತ್ತರ ದಾರಿ ತಪ್ಪಿಸುತ್ತದೆ. ಮೊದಲ ಸಾಲಿನಲ್ಲಿ ‘ಸರ್ವರ್: ಅನ್‌ನೋನ್’ ಎಂದು ಬಂದರೆ ಗಾಬರಿ ಬೇಡ. ಆ ಸರ್ವರಿನ ವಿಳಾಸದಿಂದ ಅದರ ಹೆಸರು ಪತ್ತೆಯಾಗಲಿಲ್ಲ ಎಂದಷ್ಟೇ ಅರ್ಥ, ಮನೆಯ ರೂಟರುಗಳಲ್ಲಿ ಅದು ಮಾಮೂಲು. ನೋಡಬೇಕಾದ್ದು ಅದರ ಕೆಳಗಿನ ಉತ್ತರವನ್ನು.

ರೂಟರಿಗೆ ಕೇಳಿದಾಗ ‘ಟೈಮ್ ಔಟ್, 2 ಸೆಕೆಂಡ್’ ಎಂದು ಬಂದು, 8.8.8.8 ಥಟ್ಟನೆ ವಿಳಾಸ ಕೊಟ್ಟರೆ ಫಾರ್ವರ್ಡರ್ ಕೆಟ್ಟಿರುವ ಸಂಭವ ಹೆಚ್ಚು. ರೂಟರ್ ‘ಸರ್ವರ್ ಫೇಲ್ಡ್’ ಎಂದರೆ ಅದು ಜೀವಂತವಾಗಿದೆ, ಅದರ ಹಿಂದಿನ ಕಂಪನಿಯ ಸರ್ವರಿನಲ್ಲಿ ಎಡವಟ್ಟಾಗಿದೆ ಅಥವಾ ಆ ಹೆಸರಿನ ಡಿಎನ್‌ಎಸ್‌ಸೆಕ್ ಸಹಿ (ಉತ್ತರ ಅಸಲಿಯೇ ಎಂದು ಪರೀಕ್ಷಿಸುವ ಗುರುತು) ತಾಳೆಯಾಗಿಲ್ಲ. ಮೂವರೂ ‘ನಾನ್ ಎಕ್ಸಿಸ್ಟೆಂಟ್ ಡೊಮೈನ್’ ಎಂದರೆ ಹೆಸರನ್ನೇ ತಪ್ಪು ಟೈಪ್ ಮಾಡಿದ್ದೀರಿ ಅಥವಾ ಆ ಡೊಮೈನ್ ನವೀಕರಣವಾಗದೆ ಹೋಗಿದೆ. ಕನ್ನಡ ಲಿಪಿಯ ‘.ಭಾರತ’ ಡೊಮೈನುಗಳನ್ನು ಪರೀಕ್ಷಿಸುವವರಿಗೆ ಒಂದು ಮಾತು: ಡಿಎನ್‌ಎಸ್ ಒಳಗೆ ಅವು ಲ್ಯಾಟಿನ್ ಅಕ್ಷರಗಳ ಪ್ಯೂನಿಕೋಡ್ ರೂಪದಲ್ಲಿರುತ್ತವೆ. ಬ್ರೌಸರ್ ತಾನೇ ಬದಲಿಸಿಕೊಳ್ಳುತ್ತದೆ, ಎನ್‌ಎಸ್‌ಲುಕಪ್‌ಗೆ ನೀವೇ ಪ್ಯೂನಿಕೋಡ್ ರೂಪ ಕೊಡುವುದು ಕ್ಷೇಮ.

ಇನ್ನೊಂದು ಪರೀಕ್ಷೆ ಹೆಚ್ಚು ಜನರಿಗೆ ಗೊತ್ತಿಲ್ಲ:

ಎನ್‌ಎಸ್‌ಲುಕಪ್ ವಿಕಿಪೀಡಿಯ.ಆರ್ಗ್. 192.0.2.1

192.0.2ರ ಸಾಲಿನ ವಿಳಾಸಗಳನ್ನು ಪುಸ್ತಕ, ಕೈಪಿಡಿಗಳ ಉದಾಹರಣೆಗೆಂದೇ ಮೀಸಲಿಟ್ಟಿದ್ದಾರೆ. ಅಲ್ಲಿ ಯಾವ ಡಿಎನ್‌ಎಸ್ ಸರ್ವರೂ ಇಲ್ಲ, ಟೈಮ್ ಔಟ್ ಆಗಲೇಬೇಕು. ಹಾಗಾಗದೆ ಉತ್ತರ ಬಂದರೆ, ನಡುವೆ ರೂಟರೋ ಇಂಟರ್‌ನೆಟ್ ಕಂಪನಿಯೋ 53ನೇ ಪೋರ್ಟಿನ ಎಲ್ಲ ಪ್ರಶ್ನೆಗಳನ್ನೂ ಹಿಡಿದು ತಾನೇ ಉತ್ತರಿಸುತ್ತಿದೆ. ಅಂಥ ಲೈನಿನಲ್ಲಿ ನೀವು 8.8.8.8 ಹಾಕಿ, ಕ್ಲೌಡ್‌ಫ್ಲೇರ್ ಕಂಪನಿಯ 1.1.1.1 ಹಾಕಿ, ಏನೂ ಬದಲಾಗದು. ಅಲ್ಲಿ ಕೆಲಸ ಮಾಡುವುದು ಎಚ್‌ಟಿಟಿಪಿಎಸ್ ಮೂಲಕ ಹೋಗುವಂಥ ಡಿಎನ್‌ಎಸ್, ಏಕೆಂದರೆ ಅದು 443ನೇ ಪೋರ್ಟಿನಲ್ಲಿ ಉಳಿದ ವೆಬ್ ಸಂಚಾರದ ಜೊತೆ ಗೂಢಲಿಪಿಯಲ್ಲಿ ಸಾಗುತ್ತದೆ.

ಮೊಬೈಲಿನಲ್ಲಿ ಹೇಗೆ ತೆರೆಯಿತು ಎಂಬುದಕ್ಕೆ ಎರಡು ಸಾಧ್ಯತೆ ಇದೆ. ವೈಫೈಯಲ್ಲಿ ನೆಟ್ ಸರಿಯಿಲ್ಲ ಎನಿಸಿದರೆ ಫೋನ್ ಸದ್ದಿಲ್ಲದೆ ಮೊಬೈಲ್ ಡೇಟಾಗೆ ಜಿಗಿಯುತ್ತದೆ. ಹೋಲಿಸುವ ಮೊದಲು ಡೇಟಾ ಆಫ್ ಮಾಡಿ. ಎರಡನೆಯದು, ಆಂಡ್ರಾಯ್ಡ್ 9ರಿಂದ ಇರುವ ‘ಪ್ರೈವೇಟ್ ಡಿಎನ್‌ಎಸ್’. ಅದರಲ್ಲಿ ಯಾವುದಾದರೂ ಸೇವೆಯ ಹೆಸರು ಹಾಕಿದ್ದರೆ ಫೋನ್ ಸಾಮಾನ್ಯವಾಗಿ 853ನೇ ಪೋರ್ಟಿನಲ್ಲಿ ನೇರವಾಗಿ ಹೊರಗಿನ ಸರ್ವರನ್ನು ಕೇಳುತ್ತದೆ, ನಿಮ್ಮ ರೂಟರಿನ ಫಾರ್ವರ್ಡರ್ ಹಂಗೇ ಅದಕ್ಕಿಲ್ಲ.

ಇನ್ನು ರಿಪೇರಿ. ಮೂಲದಲ್ಲೇ ಸರಿಪಡಿಸುವುದಾದರೆ ರೂಟರಿನಲ್ಲಿ. ಬ್ರೌಸರಿನಲ್ಲಿ ಗೇಟ್‌ವೇ ವಿಳಾಸ ಹೊಡೆದು ಲಾಗಿನ್ ಆಗಿ. ಡಿಎನ್‌ಎಸ್ ಬದಲಿಸುವ ಜಾಗ ಸಾಮಾನ್ಯವಾಗಿ ಎರಡು ಕಡೆ ಇರುತ್ತದೆ, ಜನ ತಪ್ಪುವುದು ಇಲ್ಲೇ. ವ್ಯಾನ್ (ಹೊರಗಿನ ಲೈನ್) ಅಥವಾ ಇಂಟರ್‌ನೆಟ್ ಪುಟದಲ್ಲಿ ಬದಲಿಸಿದರೆ ಫಾರ್ವರ್ಡರ್ ಯಾರನ್ನು ಕೇಳಬೇಕು ಎಂಬುದು ಬದಲಾಗುತ್ತದೆ. ನಿಮ್ಮ ಲ್ಯಾಪ್‌ಟಾಪ್ ಮಾತ್ರ ಮೊದಲಿನಂತೆ ಫಾರ್ವರ್ಡರನ್ನೇ ಕೇಳುತ್ತದೆ. ಫಾರ್ವರ್ಡರೇ ಕೆಟ್ಟಿರುವಾಗ ಇದರಿಂದ ಲಾಭವಿಲ್ಲ. ನಿಮಗೆ ಬೇಕಾದ್ದು ಲ್ಯಾನ್ (ಮನೆಯೊಳಗಿನ ಜಾಲ) ಪುಟದ ಡಿಎಚ್‌ಸಿಪಿ ಸರ್ವರ್, ಅಂದರೆ ಮನೆಯ ಸಾಧನಗಳಿಗೆ ವಿಳಾಸ ಹಂಚುವ ಭಾಗ. ಅಲ್ಲಿ ಪ್ರೈಮರಿ ಡಿಎನ್‌ಎಸ್ 1.1.1.1, ಸೆಕೆಂಡರಿ 8.8.8.8 ಎಂದು ಹಾಕಿದರೆ ಮನೆಯ ಎಲ್ಲ ಸಾಧನಗಳಿಗೂ ಆ ವಿಳಾಸಗಳೇ ಹಂಚಿಕೆಯಾಗಿ, ಫಾರ್ವರ್ಡರ್ ಪಕ್ಕಕ್ಕೆ ಸರಿಯುತ್ತದೆ. ಅದೇ ರೂಟರಿನ ಐಪಿವಿ6 ಲ್ಯಾನ್ ಪುಟದಲ್ಲೂ ಡಿಎನ್‌ಎಸ್ ಜಾಗ ಹುಡುಕಿ 2606:4700:4700::1111 ಮತ್ತು 2001:4860:4860::8888 ಹಾಕಿ. ಇವು ಕ್ರಮವಾಗಿ ಕ್ಲೌಡ್‌ಫ್ಲೇರ್ ಮತ್ತು ಗೂಗಲ್‌ನ ಐಪಿವಿ6 ವಿಳಾಸಗಳು. ಐಪಿವಿ4 ಒಂದನ್ನೇ ಮಾಡಿ ಬಿಟ್ಟರೆ ಈಗಿರುವ ತೊಂದರೆಯೇ ಮುಂದುವರಿಯುತ್ತದೆ.

ಕಂಪನಿ ಕೊಟ್ಟ ರೂಟರಿನಲ್ಲಿ ಈ ಪುಟಗಳಿಗೆ ಬೀಗ ಹಾಕಿರುವುದೂ ಉಂಟು. ಆಗ ಲ್ಯಾಪ್‌ಟಾಪ್‌ನಲ್ಲೇ ಮಾಡಿ. ಸೆಟ್ಟಿಂಗ್ಸ್, ನೆಟ್‌ವರ್ಕ್ ಅಂಡ್ ಇಂಟರ್‌ನೆಟ್, ವೈಫೈ, ನಿಮ್ಮ ವೈಫೈ ಹೆಸರಿನ ಪ್ರಾಪರ್ಟೀಸ್. ಅಲ್ಲಿ ‘ಡಿಎನ್‌ಎಸ್ ಸರ್ವರ್ ಅಸೈನ್‌ಮೆಂಟ್’ ಪಕ್ಕದ ಎಡಿಟ್ ಒತ್ತಿ ಮ್ಯಾನುವಲ್ ಆರಿಸಿ. ಐಪಿವಿ4, ಐಪಿವಿ6 ಎರಡೂ ಸ್ವಿಚ್ ಆನ್ ಮಾಡಿ ಮೇಲಿನ ವಿಳಾಸ ತುಂಬಿ. ಕೆಳಗೆ ‘ಡಿಎನ್‌ಎಸ್ ಓವರ್ ಎಚ್‌ಟಿಟಿಪಿಎಸ್’ ಎಂಬ ಆಯ್ಕೆ ಇದೆ, 192.0.2.1ರ ಪರೀಕ್ಷೆಯಲ್ಲಿ ಉತ್ತರ ಬಂದಿದ್ದರೆ ಅದನ್ನು ಆಟೊಮ್ಯಾಟಿಕ್ ಮಾಡಿ. ವೈಫೈ ಹಾರ್ಡ್‌ವೇರ್ ಪ್ರಾಪರ್ಟೀಸ್ ಎಂಬ ಇನ್ನೊಂದು ಪುಟದಲ್ಲೂ ಇದೇ ಸೆಟ್ಟಿಂಗ್ ಇದೆ. ಹಿಂದೆ 8.8.8.8 ಹಾಕಿದ್ದು ಎಲ್ಲಿ ಎಂದು ನೆನಪಿಲ್ಲದಿದ್ದರೆ ಎರಡನ್ನೂ ನೋಡಿ, ಒಂದನ್ನು ಆಟೊಮ್ಯಾಟಿಕ್‌ಗೆ ಮರಳಿಸಿ.

ಆಮೇಲೆ ವೈಫೈ ಒಮ್ಮೆ ಡಿಸ್‌ಕನೆಕ್ಟ್ ಮಾಡಿ ಕನೆಕ್ಟ್ ಮಾಡಿ, ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್ ಕೊಟ್ಟು ಹಳೆಯ ಕ್ಯಾಶ್ ತೊಳೆಯಿರಿ. ‘ಇಲ್ಲ’ ಎಂಬ ಉತ್ತರವೂ ಕ್ಯಾಶ್‌ನಲ್ಲಿ ಕೂರುತ್ತದೆ, ಅದಕ್ಕೇ ಈ ಹೆಜ್ಜೆ. ಕೊನೆಗೆ ಐಪಿಕಾನ್ಫಿಗ್ /ಆಲ್ ಮತ್ತೆ ಕೊಟ್ಟು ಎಫ್‌ಇ80ರ ಸಾಲು ಡಿಎನ್‌ಎಸ್ ಪಟ್ಟಿಯಿಂದ ಹೋಗಿದೆಯೇ ಖಚಿತಪಡಿಸಿಕೊಳ್ಳಿ. ಗೇಟ್‌ವೇ ಸಾಲಿನಲ್ಲಿ ಅದು ಉಳಿಯುವುದು ಸರಿಯೇ.

ಐಪಿವಿ6 ಅನ್ನೇ ಆಫ್ ಮಾಡಿಬಿಡಿ ಎಂಬ ಸಲಹೆ ಕೇಳಿಬರುತ್ತದೆ. ಒಪ್ಪಬೇಡಿ. ವಿಂಡೋಸ್‌ನಲ್ಲಿ ಅದನ್ನು ಆಫ್ ಮಾಡಬಾರದೆಂದು ಮೈಕ್ರೋಸಾಫ್ಟ್ ತಾನೇ ಹೇಳುತ್ತದೆ. ಒಂದೇ ಐಪಿವಿ4 ವಿಳಾಸವನ್ನು ನೂರಾರು ಮನೆಗಳಿಗೆ ಹಂಚುವ ಇಂದಿನ ಕನೆಕ್ಷನ್‌ಗಳಲ್ಲಿ ಐಪಿವಿ6 ದಾರಿಯೇ ಎಷ್ಟೋ ವಾಸಿ.

ಫಾರ್ವರ್ಡರ್ ಏಕೆ ಕೈಕೊಡುತ್ತದೆ? ಅದಕ್ಕೆ ಸಿಗುವ ಮೆಮೊರಿ ಸ್ವಲ್ಪ, ಒಂದು ಕಾಲಕ್ಕೆ ಬಾಕಿ ಇಟ್ಟುಕೊಳ್ಳಬಲ್ಲ ಪ್ರಶ್ನೆಗಳಿಗೆ ಮಿತಿ ಇದೆ. ಅನೇಕ ರೂಟರುಗಳೊಳಗಿರುವ ಡಿಎನ್‌ಎಸ್‌ಮಾಸ್ಕ್ ಎಂಬ ಪ್ರೋಗ್ರಾಮಿನಲ್ಲಿ ಈ ಮಿತಿ, ಬದಲಿಸದಿದ್ದರೆ, 150. ಮನೆಯ ಯಾವುದೋ ಕ್ಯಾಮೆರಾ ಅಥವಾ ಟಿವಿ ಈಗ ಅಸ್ತಿತ್ವದಲ್ಲೇ ಇಲ್ಲದ ಸರ್ವರಿನ ಹೆಸರನ್ನು ಬಿಡದೆ ಕೇಳುತ್ತಿದ್ದರೆ, ಉತ್ತರ ಬಾರದ ಪ್ರಶ್ನೆಗಳು ಪೇರಿಸಿಕೊಂಡು ಉಳಿದವರಿಗೆ ಜಾಗ ಸಿಗುವುದಿಲ್ಲ. ಮುಂದಿನ ಸಲ ತೊಂದರೆ ಬಂದಾಗ ರೂಟರ್ ಮುಟ್ಟದೆ ಅಂಥ ಸಾಧನಗಳನ್ನು ಒಂದೊಂದಾಗಿ ಆಫ್ ಮಾಡಿ, ಎರಡನೇ ಎನ್‌ಎಸ್‌ಲುಕಪ್ ಮತ್ತೆ ಮತ್ತೆ ಕೊಟ್ಟು ನೋಡಿ. ಯಾವುದು ಆಫ್ ಆದಾಗ ಉತ್ತರ ಮರಳಿತೋ ಅದೇ ಕಾರಣ. ರೂಟರಿಗೆ ಹೊಸ ಫರ್ಮ್‌ವೇರ್ (ಅದರೊಳಗಿನ ಸಾಫ್ಟ್‌ವೇರ್) ಬಂದಿದ್ದರೆ ಅದನ್ನೂ ಹಾಕಿ.

ಪರೀಕ್ಷೆಯಲ್ಲಿ ರೂಟರ್ ನಿರ್ದೋಷಿ ಎಂದು ಕಂಡರೆ ಲ್ಯಾಪ್‌ಟಾಪ್ ಕಡೆ ತಿರುಗಬೇಕು. ಇಲ್ಲಿ ಮುಖ್ಯ ಸುಳಿವು ಒಂದೇ: ಎನ್‌ಎಸ್‌ಲುಕಪ್ ವಿಳಾಸ ಕೊಡುತ್ತದೆ, ಅದೇ ಹೆಸರಿಗೆ ಪಿಂಗ್ ಮಾಡಿದರೆ ‘ಕುಡ್ ನಾಟ್ ಫೈಂಡ್ ಹೋಸ್ಟ್’ ಎನ್ನುತ್ತದೆ, ಅಥವಾ ಬೇರೆಯೇ ವಿಳಾಸಕ್ಕೆ ಹೋಗುತ್ತದೆ. ಎನ್‌ಎಸ್‌ಲುಕಪ್ ವಿಂಡೋಸ್‌ನ ಕ್ಯಾಶನ್ನೂ ಹೋಸ್ಟ್ಸ್ ಫೈಲನ್ನೂ ನೋಡದೆ ನೇರ ಸರ್ವರನ್ನೇ ಕೇಳುತ್ತದೆ. ಪಿಂಗ್ ಅವೆರಡನ್ನೂ ನೋಡುತ್ತದೆ. ಹಾಗಾಗಿ ವ್ಯತ್ಯಾಸ ಬಂದರೆ ತಪ್ಪು ಆ ಎರಡರ ನಡುವೆ ಎಲ್ಲೋ ಇದೆ. ವಿಂಡೋಸ್ ಫೋಲ್ಡರಿನಲ್ಲಿ ಸಿಸ್ಟಂ32, ಅದರೊಳಗೆ ಡ್ರೈವರ್ಸ್, ಅದರೊಳಗೆ ಇಟಿಸಿ. ಅಲ್ಲಿ ಹೋಸ್ಟ್ಸ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. 1983ರಲ್ಲಿ ಪಾಲ್ ಮೊಕಪೆಟ್ರಿಸ್ ಡಿಎನ್‌ಎಸ್ ರೂಪಿಸುವ ಮುಂಚೆ ಇಡೀ ನೆಟ್‌ವರ್ಕಿನ ಹೆಸರುಗಳು ಇಂಥದ್ದೇ ಒಂದು ಫೈಲಿನಲ್ಲಿದ್ದವು. ಈಗಲೂ ಇದರಲ್ಲಿ ಬರೆದದ್ದು ಡಿಎನ್‌ಎಸ್ ಉತ್ತರವನ್ನು ಮೀರಿ ನಡೆಯುತ್ತದೆ. ಹೊಸ ವಿಂಡೋಸ್‌ನಲ್ಲಿ ಎಲ್ಲ ಸಾಲುಗಳೂ ಹ್ಯಾಶ್ ಗುರುತಿನಿಂದ ಶುರುವಾಗಿರುತ್ತವೆ. ಹಾಗಿಲ್ಲದ, ನೀವು ಬರೆಯದ ಸಾಲುಗಳಿದ್ದರೆ ಅನುಮಾನಿಸಿ. ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಇಲ್ಲಿ ಕೈಯಾಡಿಸುವುದು ಹೆಚ್ಚು. ಬ್ಯಾಂಕಿನ ಹೆಸರೇನಾದರೂ ಅಲ್ಲಿ ಕಂಡರೆ ಆ ಕಂಪ್ಯೂಟರಿನಿಂದ ಹಣದ ವ್ಯವಹಾರ ಕೂಡಲೇ ನಿಲ್ಲಿಸಿ, ಬೇರೆ ಸಾಧನದಿಂದ ಪಾಸ್‌ವರ್ಡ್ ಬದಲಿಸಿ.

ತೆಗೆದುಹಾಕಿದ ವಿಪಿಎನ್ ಅಥವಾ ಜಾಹೀರಾತು ತಡೆಯುವ ಸಾಫ್ಟ್‌ವೇರ್ ಡಿಎನ್‌ಎಸ್ ಜಾಗದಲ್ಲಿ 127.0.0.1 ಬಿಟ್ಟುಹೋಗುವುದೂ ಸಾಮಾನ್ಯ. ಆ ವಿಳಾಸ ಎಂದರೆ ಇದೇ ಕಂಪ್ಯೂಟರ್. ಉತ್ತರಿಸಬೇಕಾದ ಪ್ರೋಗ್ರಾಂ ಹೋದ ಮೇಲೆ ಕೇಳಿ ಫಲವಿಲ್ಲ. ಪರಿಚಯವಿಲ್ಲದ ಬೇರೆ ವಿಳಾಸ ಅಲ್ಲಿದ್ದರೆ, ಅಥವಾ ರೂಟರಿನ ವ್ಯಾನ್ ಪುಟದಲ್ಲಿದ್ದರೆ, ಹಗುರವಾಗಿ ತೆಗೆದುಕೊಳ್ಳಬೇಡಿ. ಡಿಎನ್‌ಎಸ್‌ಚೇಂಜರ್ ಎಂಬ ಕುತಂತ್ರಾಂಶ ಹೀಗೆಯೇ ನೂರಕ್ಕೂ ಹೆಚ್ಚು ದೇಶಗಳ ಸುಮಾರು 40 ಲಕ್ಷ ಕಂಪ್ಯೂಟರುಗಳ ಡಿಎನ್‌ಎಸ್ ಬದಲಿಸಿತ್ತು. ಅಮೆರಿಕದ ಎಫ್‌ಬಿಐ 2011ರ ನವೆಂಬರಿನಲ್ಲಿ ಆ ಜಾಲ ಭೇದಿಸಿತು. ಸೋಂಕು ತಗುಲಿದವರ ನೆಟ್ ಒಮ್ಮೆಲೇ ನಿಲ್ಲದಿರಲೆಂದು ಇಟ್ಟಿದ್ದ ತಾತ್ಕಾಲಿಕ ಸರ್ವರುಗಳು 2012ರ ಜುಲೈ 9ರವರೆಗೆ ನಡೆದವು. ರೂಟರಿನ ಅಡ್ಮಿನ್ ಪಾಸ್‌ವರ್ಡ್ ಪೆಟ್ಟಿಗೆಯಿಂದ ಬಂದಾಗಿದ್ದದ್ದೇ ಈಗಲೂ ಇದ್ದರೆ ಇವತ್ತೇ ಬದಲಿಸಿ.

ಗಡಿಯಾರವನ್ನೂ ಒಮ್ಮೆ ನೋಡಿ. ಹಳೆಯ ಡೆಸ್ಕ್‌ಟಾಪ್‌ಗಳಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಮುಗಿದರೆ ಆನ್ ಮಾಡಿದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಎಚ್‌ಟಿಟಿಪಿಎಸ್ ಸರ್ಟಿಫಿಕೇಟುಗಳು ಅಮಾನ್ಯವೆನಿಸಿ, ಗೂಢಲಿಪಿಯ ಡಿಎನ್‌ಎಸ್ ಕೂಡ ನಿಲ್ಲುತ್ತದೆ.

ಬ್ರೌಸರ್ ಒಂದರಲ್ಲೇ ತೊಂದರೆ ಇದ್ದರೆ ಕ್ರೋಮ್‌ನ ಪ್ರೈವಸಿ ಅಂಡ್ ಸೆಕ್ಯೂರಿಟಿ, ಅದರೊಳಗಿನ ಸೆಕ್ಯೂರಿಟಿ ಪುಟದಲ್ಲಿ ‘ಯೂಸ್ ಸೆಕ್ಯೂರ್ ಡಿಎನ್‌ಎಸ್’ ನೋಡಿ. ಅಲ್ಲಿ ಬೇರೊಂದು ಸೇವೆ ಆರಿಸಿದ್ದರೆ ಬ್ರೌಸರ್ ವಿಂಡೋಸ್‌ನ ಸೆಟ್ಟಿಂಗ್ ಕೇಳುವುದೇ ಇಲ್ಲ. ಮನೆಯಲ್ಲಿ ಮ್ಯಾಕ್ ಇದ್ದರೆ ಟರ್ಮಿನಲ್‌ನಲ್ಲಿ ಸ್ಕ್ಯುಟಿಲ್ --ಡಿಎನ್‌ಎಸ್, ಉಬುಂಟುವಿನಲ್ಲಿ ರಿಸಾಲ್ವ್‌ಸಿಟಿಎಲ್ ಸ್ಟೇಟಸ್. ಯಾವ ಸರ್ವರ್ ಬಳಕೆಯಲ್ಲಿದೆ ಎಂದು ಇವು ಹೇಳುತ್ತವೆ. ಉಬುಂಟುವಿನಲ್ಲಿ 127.0.0.53 ಕಂಡರೆ ಅದು ಅಲ್ಲಿನ ಸಹಜ ಏರ್ಪಾಡು, ದೋಷವಲ್ಲ.

ವಿಂಡೋಸ್‌ನ ‘ನೆಟ್‌ವರ್ಕ್ ರಿಸೆಟ್’ ಗುಂಡಿಯನ್ನು ತೀರಾ ಕೊನೆಗೆ ಇಟ್ಟುಕೊಳ್ಳಿ. ಅದು ಅಡಾಪ್ಟರುಗಳನ್ನು ತೆಗೆದು ಮತ್ತೆ ಹಾಕುತ್ತದೆ. ವೈಫೈ ಪಾಸ್‌ವರ್ಡ್ ಮತ್ತೆ ಕೊಡಬೇಕಾಗುತ್ತದೆ, ವಿಪಿಎನ್ ಹೊಸದಾಗಿ ಹಾಕಬೇಕಾಗಬಹುದು.

ಕೈಯಿಂದ ಡಿಎನ್‌ಎಸ್ ಹಾಕಿದ ಮೇಲೆ ಎರಡು ಎಚ್ಚರಿಕೆ. ಕಚೇರಿಯ ಲ್ಯಾಪ್‌ಟಾಪ್ ಆಗಿದ್ದರೆ ಮೊದಲು ಅಲ್ಲಿನ ಐಟಿ ವಿಭಾಗವನ್ನು ಕೇಳಿ, ಏಕೆಂದರೆ ಕಚೇರಿಯ ಒಳಗಿನ ಹೆಸರುಗಳು ಸಾರ್ವಜನಿಕ ಸರ್ವರಿಗೆ ಗೊತ್ತಿರುವುದಿಲ್ಲ. ರೈಲು ನಿಲ್ದಾಣ, ಹೋಟೆಲ್‌ಗಳ ವೈಫೈಯಲ್ಲಿ ಲಾಗಿನ್ ಪುಟ ಬಾರದಿದ್ದರೆ ಡಿಎನ್‌ಎಸ್ ಅನ್ನು ಆಟೊಮ್ಯಾಟಿಕ್ ಮಾಡಿ, ಲಾಗಿನ್ ಆದ ಮೇಲೆ ಮರಳಿಸಿ; ಆ ಪುಟಕ್ಕೆ ನಿಮ್ಮನ್ನು ಕಳಿಸುವುದು ಹಲವೆಡೆ ಅಲ್ಲಿನ ಡಿಎನ್‌ಎಸ್ಸೇ.

ಇಷ್ಟು ಮಾಡಿಯೂ 8.8.8.8 ಮತ್ತು 1.1.1.1 ಎರಡಕ್ಕೂ ಎನ್‌ಎಸ್‌ಲುಕಪ್ ಟೈಮ್ ಔಟ್ ಆಗಿ, ಪಿಂಗ್ ಮಾತ್ರ ಸರಿ ಇದ್ದರೆ ದೋಷ ನಿಮ್ಮ ಮನೆಯಿಂದಾಚೆ ಇರುವ ಸಂಭವ ಹೆಚ್ಚು. ಕಸ್ಟಮರ್ ಕೇರ್‌ಗೆ ಫೋನ್ ಮಾಡಿ ‘ನೆಟ್ ಬರ್ತಿಲ್ಲ’ ಎಂದರೆ ರೂಟರ್ ಆಫ್ ಮಾಡಿ ಎನ್ನುತ್ತಾರೆ. ಅದರ ಬದಲು ದಿನಾಂಕ, ಗಂಟೆ, ಐಪಿಕಾನ್ಫಿಗ್ /ಆಲ್‌ನ ಡಿಎನ್‌ಎಸ್ ಸಾಲುಗಳು, ಪಿಂಗ್ ಫಲಿತಾಂಶ, ಮೂರೂ ಎನ್‌ಎಸ್‌ಲುಕಪ್ ಉತ್ತರಗಳ ಸ್ಕ್ರೀನ್‌ಶಾಟ್ ಸೇರಿಸಿ ಇಮೇಲ್‌ನಲ್ಲಿ ದೂರು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. ‘53ನೇ ಪೋರ್ಟಿನ ಯುಡಿಪಿ ಉತ್ತರ ವಾಪಸ್ ಬರುತ್ತಿಲ್ಲ’ ಎಂದು ಸ್ಪಷ್ಟವಾಗಿ ಬರೆಯಿರಿ, ಆಗ ದೂರು ನೆಟ್‌ವರ್ಕ್ ವಿಭಾಗದವರ ಕೈಗೆ ಹೋಗುತ್ತದೆ.